ಜೈಲಿ ಪೂವಪ್ಪ

ಅಲ್ ಬರ್ಷಾದ ಮಗಳ ಮನೆಯಿಂದ ಹೊರಟು ಅಲ್ ಐನ್ ತಲುಪುವುದರೊಳಗೆ ಪೂವಪ್ಪ ಜಾಹಿಲಿ ಕೋಟೆಯ ಹೆಸರನ್ನು ಎಷ್ಟು ಸಲ ಎತ್ತಿದರೋ ಅವರಿಗೇ ಗೊತ್ತಿಲ್ಲ. ಎತ್ತಿದಾಗಲೆಲ್ಲ ಕಾರಿನೊಳಗೆ ಯಾರಿಗಾದರೂ ಬೇರೆ ಏನಾದರೂ ನೆನಪಾಗುತ್ತಿತ್ತು. ಮಗಳು ದೀಪ್ತಿ, “ಎ.ಸಿ. ಜಾಸ್ತಿ ಆಯ್ತಾ ಪಪ್ಪ?” ಎಂದು ಕೇಳುತ್ತಿದ್ದಳು. ಅಳಿಯ ನಿಶಾಂತ್ ರಸ್ತೆಯಾಚೆಯ ಕೆಂಪು ಮರಳಿನ ದಿಬ್ಬ ತೋರಿಸುತ್ತಿದ್ದ. ಮೊಮ್ಮಗಳು ಅಕ್ಷಿತಾ ಮಾತ್ರ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತನ್ನ ಪಾಡಿಗೆ ತಾನಿದ್ದಳು. ಇಡೀ ಕಾರಿನಲ್ಲಿ ನಾಟಕ ಮಾಡದೆ ಕೂತಿದ್ದವಳು ಅವಳೊಬ್ಬಳೇ ಎಂದು ಪೂವಪ್ಪರಿಗೆ ಅನಿಸಿತು.

ಕೋಟೆ ಕೊತ್ತಲ ನೋಡುವ ಹುಚ್ಚು ಪೂವಪ್ಪರಿಗೆ ಯಾವತ್ತೂ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದೇ ಒಂದು ಫೋಟೋ. ಹಿಂದೆ ಕೋಟೆ, ಮುಂದೆ ಹೆಸರಿನ ಬೋರ್ಡು, ಬೋರ್ಡಿನ ಪಕ್ಕದಲ್ಲಿ ತಾವು. ಅಕ್ಷರಗಳು ಸ್ಪಷ್ಟವಾಗಿ ಕಾಣಬೇಕು. ಆ ಫೋಟೋವನ್ನು ತಮ್ಮೂರು ಎರ್ಮಾಳಿನ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ ಒಂದು ಸಾಲು ಬರೆದು, ಊರಿನವರ ಬಾಯಿಯನ್ನು ಒಮ್ಮೆಗೇ ಮುಚ್ಚಿಸಬೇಕು. ಆ ಸಾಲನ್ನು ಅವರು ವಿಮಾನದಲ್ಲೇ ಯೋಚಿಸಿಟ್ಟುಕೊಂಡಿದ್ದರು: ‘ಇದುವೇ ಜಾಹಿಲಿ. ಇದು ಕೋಟೆ. ಜೈಲು ಅಲ್ಲ.’

ಸಂಗತಿ ಇಷ್ಟೇ. ಬಹಳ ವರ್ಷಗಳ ಹಿಂದೆ, ಮೊಬೈಲು ಇಲ್ಲದ ಕಾಲದಲ್ಲಿ, ಪೂವಪ್ಪ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದರು. ಅಂಗಡಿ ಮುಚ್ಚಿತು. ಅವರು ಅಲ್ ಐನ್‌ನ ಇನ್ನೊಂದು ಅಂಗಡಿ ಸೇರಿ, ಜಾಹಿಲಿ ಕೋಟೆಯ ಹಿಂದಿನ ಓಣಿಯ ರೂಮಿಗೆ ಬಂದರು. ಹೊಸ ವಿಳಾಸ ಬರೆದು ಹಾಕಿದ ಪತ್ರ ದಾರಿಯಲ್ಲೇ ಎಲ್ಲೋ ಕಳೆದುಹೋಯಿತು. ಊರಿನಲ್ಲಿ ಹೆಂಡತಿ ಲೋಲಾಕ್ಷಿಗೆ ತಿಂಗಳುಗಟ್ಟಲೆ ಸುದ್ದಿಯಿಲ್ಲ. ಆ ಹೊತ್ತಿಗೆ ಸರಿಯಾಗಿ ಅಲ್ ಐನ್‌ನಲ್ಲೇ ಇದ್ದ ಆಸ್ವಾಲ್ಡ್ ರಜೆಯಲ್ಲಿ ಊರಿಗೆ ಹೋದ. ಪಡುಬಿದ್ರಿ ಬಸ್‌ಸ್ಟ್ಯಾಂಡಿನಲ್ಲಿ ಯಾರೋ, “ನಮ್ಮ ಪೂವಪ್ಪ ಎಲ್ಲಿದ್ದಾನೆ ಮಾರಾಯ, ಸುದ್ದಿಯೇ ಇಲ್ಲ?” ಎಂದು ತುಳುವಿನಲ್ಲಿ ಕೇಳಿದರು. ಆಸ್ವಾಲ್ಡ್ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟುಕೊಂಡೇ ಹೇಳಿದ, “ಪೂವಪ್ಪೆನಾ? ಆಯೆ ಇತ್ತೆ ಜಾಯ್ಲಿಡ್ ಉಲ್ಲೆ.” ಅವನೀಗ ಜಾಹಿಲಿಯಲ್ಲಿದ್ದಾನೆ, ಅಷ್ಟೆ. ಅಲ್ ಐನ್‌ನ ನಮ್ಮವರೆಲ್ಲ ಜಾಹಿಲಿಯನ್ನು ಜಾಯ್ಲಿ ಎಂದೇ ಎಳೆಯುತ್ತಿದ್ದರು. ಆದರೆ ಪಡುಬಿದ್ರಿಯ ಕಿವಿಗೆ ಜಾಹಿಲಿ ಎಲ್ಲಿ ಗೊತ್ತು? ಜೈಲು ಗೊತ್ತು. ಆಸ್ವಾಲ್ಡನ ಬಸ್ಸು ಮುಂದೆ ಹೋಯಿತು, ಸುದ್ದಿ ಅದಕ್ಕಿಂತ ಬೇಗ ಎರ್ಮಾಳು ಮುಟ್ಟಿತು.

ಮುಂದಿನ ರಜೆಯಲ್ಲಿ ಪೂವಪ್ಪ ಊರಿಗೆ ಬಂದು, ನಕ್ಕು, ಎಲ್ಲರಿಗೂ ಬಿಡಿಸಿ ಹೇಳಿದರು. ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸುವಾಗ ಒಬ್ಬರ ಮುಖ ಇನ್ನೊಬ್ಬರು ನೋಡಿಕೊಂಡರು. ಜೈಲಿಗೆ ಹೋಗಿ ಬಂದವನು ಹೋಗಿದ್ದೆ ಎಂದು ಹೇಳಿಕೊಳ್ಳುತ್ತಾನೆಯೇ? ಊರಿನಲ್ಲಿ ಪೂವಪ್ಪ ಎಂಬ ಹೆಸರಿನವರು ಇಬ್ಬರಿದ್ದುದು ಇನ್ನೊಂದು ಗ್ರಹಚಾರ. ಗುರುತಿಗೆ ಏನಾದರೊಂದು ಬೇಕಲ್ಲ, ಒಬ್ಬರು ಅಂಗಡಿ ಪೂವಪ್ಪ, ಇವರು ಜೈಲಿ ಪೂವಪ್ಪ. ಹೊಸದಾಗಿ ಬಂದ ಗ್ಯಾಸ್ ಸಿಲಿಂಡರಿನವನು ಗೇಟಿನಲ್ಲಿ ನಿಂತು, ಯಾವ ದುರುದ್ದೇಶವೂ ಇಲ್ಲದೆ, “ಜೈಲಿ ಪೂವಪ್ಪಣ್ಣನ ಮನೆ ಇದೇ ಅಲ್ವಾ?” ಎಂದು ಕೂಗುತ್ತಿದ್ದ. ಹೋದ ವರ್ಷ ಭಜನಾ ಮಂಡಳಿಯ ಅಧ್ಯಕ್ಷತೆಗೆ ಇವರ ಹೆಸರು ಬಂದಾಗ, “ಒಳ್ಳೆಯ ಜನವೇ, ಆದರೆ ಹೊರಗಿನವರು ಕೇಳಿದರೆ ಎಂತ ಹೇಳುವುದು?” ಎಂದು ಒಬ್ಬರು ಅಂದರಂತೆ. ಅಧ್ಯಕ್ಷತೆ ಅಂಗಡಿ ಪೂವಪ್ಪನ ಪಾಲಾಯಿತು.

ಮನೆಯವರ ವಿಷಯದಲ್ಲಿ ಮಾತ್ರ ಪೂವಪ್ಪರಿಗೆ ಚಿಂತೆ ಇರಲಿಲ್ಲ. ಮನೆಯವರಿಗೆ ಸತ್ಯ ಗೊತ್ತಿತ್ತು. ಊರು ಏನು ಬೇಕಾದರೂ ಹೇಳಲಿ, ಒಳಗೆ ಬಂದು ಬಾಗಿಲು ಹಾಕಿಕೊಂಡರೆ ತಾನು ಮರ್ಯಾದಸ್ಥ ಎಂಬ ಧೈರ್ಯದಲ್ಲೇ ಅವರು ಇಷ್ಟು ವರ್ಷ ಕಳೆದಿದ್ದರು. ಲೋಲಾಕ್ಷಿ ತೀರಿಕೊಂಡು ಎರಡು ವರ್ಷವಾಗಿತ್ತು. ಈಗ ಮಗಳು ವಿಸಿಟ್ ವೀಸಾ ಮಾಡಿಸಿ ಕರೆಸಿಕೊಂಡಾಗ ಅವರು ಬುರ್ಜ್ ಬೇಕು ಎನ್ನಲಿಲ್ಲ, ಮಾಲ್ ಬೇಕು ಎನ್ನಲಿಲ್ಲ. ಅಲ್ ಐನ್‌ಗೆ ಒಮ್ಮೆ ಕರೆದುಕೊಂಡು ಹೋಗಿ ಎಂದಷ್ಟೇ ಕೇಳಿದ್ದರು.

ಕರೆದುಕೊಂಡು ಬಂದಿದ್ದರು, ನಿಜ. ಆದರೆ ಮೊದಲು ಹೋದದ್ದು ಹೀಲಿಯ ಪುರಾತನ ಸಮಾಧಿಗೆ.

ದುಂಡಗಿನ ಕಲ್ಲಿನ ಕಟ್ಟಡ. ಗೋಡೆಯ ಮೇಲೆ ಮನುಷ್ಯರ, ಪ್ರಾಣಿಗಳ ಕೆತ್ತನೆ. ನಿಶಾಂತ್ ಫೋನು ಹಿಡಿದು ಅದರಲ್ಲಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದಿದ. ನಾಲ್ಕು ಸಾವಿರ ವರ್ಷಕ್ಕೂ ಹಳೆಯದು ಮಾವ, ಇಲ್ಲಿ ನೂರಾರು ಜನರನ್ನು ಹೂಳುತ್ತಿದ್ದರಂತೆ ಮಾವ, ಎಂದ.

“ನಾಲ್ಕು ಸಾವಿರ ವರ್ಷ ಇದ್ದವರು ಇನ್ನು ಎರಡು ಗಂಟೆ ಇರ್ತಾರೆ ನಿಶಾಂತ್,” ಎಂದರು ಪೂವಪ್ಪ. “ಇವರಿಗೆಂತ ಅವಸರ? ನಾವು ಮೊದಲು ಜಾಹಿಲಿಗೆ ಹೋಗಿ ಬರುವ.”

“ಹೋಗುವ ಮಾವ, ಖಂಡಿತ ಹೋಗುವ,” ಎಂದ ನಿಶಾಂತ್. ಅವನು ಮಾವನ ಎದುರು ಯಾವಾಗಲೂ ಹೀಗೆಯೇ, ಧ್ವನಿ ಏರಿಸುವವನಲ್ಲ, ಎದುರು ಮಾತಾಡುವವನಲ್ಲ. ಇಂಥ ಅಳಿಯ ಸಿಗುವುದು ಪುಣ್ಯ ಎಂದು ಪೂವಪ್ಪ ಊರಿನಲ್ಲಿ ಹೇಳಿಕೊಳ್ಳುತ್ತಿದ್ದರು. ಇವತ್ತು ಮಾತ್ರ ಆ ವಿನಯವೇ ಅವರಿಗೆ ಕಿರಿಕಿರಿಯಾಗತೊಡಗಿತ್ತು. ಹೋಗುವ ಎಂದವನು ಕಾರನ್ನು ತಿರುಗಿಸಿದ್ದು ಒಂಟೆ ಮಾರುಕಟ್ಟೆಯ ಕಡೆಗೆ.

ಒಂಟೆ ಮಾರುಕಟ್ಟೆಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ಒಂಟೆಗಳಿದ್ದವು. ಅಕ್ಷಿತಾ ದುಪ್ಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ಒಬ್ಬ ವ್ಯಾಪಾರಿ ಮರಿ ಒಂಟೆಯ ಹಗ್ಗವನ್ನು ಪೂವಪ್ಪರ ಕೈಗೇ ಕೊಟ್ಟು ಫೋಟೋ ತೆಗೆಸಿಕೊಳ್ಳಿ ಎಂದು ದುಂಬಾಲು ಬಿದ್ದ. “ಮಾಫಿ, ಮಾಫಿ, ಫೋಟೋ ಮಾಫಿ!” ಎಂದು ಪೂವಪ್ಪ ಬೇಡ ಎನ್ನಲು ಹಳೆಯ ಅರಬಿಯನ್ನೆಲ್ಲ ಹೊರಗೆ ತೆಗೆದು ಹಗ್ಗವನ್ನು ಹಿಂದಕ್ಕೆ ತುರುಕಿದರು. ಬೇಕಾದ ಕಡೆ ಫೋಟೋ ಇಲ್ಲ, ಬೇಡದ ಕಡೆ ಒಂಟೆಯ ಜೊತೆ ನಿಲ್ಲಬೇಕಂತೆ. ಅವರ ಅದೃಷ್ಟಕ್ಕೆ ದೀಪ್ತಿ ಅದನ್ನೂ ತನ್ನ ಫೋನಿನಲ್ಲಿ ತೆಗೆದು, “ಎಷ್ಟು ಚಂದ ಬಂದಿದೆ ನೋಡಿ ಪಪ್ಪ!” ಎಂದಳು. ಫೋಟೋದಲ್ಲಿ ಒಂಟೆಯೂ ಅವರೂ ಒಬ್ಬರನ್ನೊಬ್ಬರು ಸಿಟ್ಟಿನಿಂದ ನೋಡುತ್ತಿದ್ದರು.

ಊಟ ಮುಗಿದ ಮೇಲಾದರೂ ಹೋಗುತ್ತಾರೆ ಎಂದುಕೊಂಡರೆ, ಊರ ನಡುವಿನ ಖರ್ಜೂರದ ತೋಟದ ಮುಂದೆ ಕಾರು ನಿಂತಿತು. ತೋಟವೇನೋ ತಂಪಾಗಿತ್ತು. ಎರಡೂ ಬದಿ ಮಣ್ಣಿನ ಗೋಡೆ, ಮೇಲೆ ಖರ್ಜೂರದ ಗರಿಗಳ ನೆರಳು, ಫಲಜ್ ಎಂದು ಇಲ್ಲಿನವರು ಹೇಳುವ ಸಣ್ಣ ಕಾಲುವೆಯಲ್ಲಿ ನೀರು. ಬೇರೆ ದಿನವಾಗಿದ್ದರೆ ಪೂವಪ್ಪ ಅಲ್ಲೇ ಕೂತು ಕಾಲು ಇಳಿಬಿಡುತ್ತಿದ್ದರು. ಇವತ್ತು ಅವರ ಕಣ್ಣು ಬಿಸಿಲಿನ ಮೇಲಿತ್ತು. ಡಿಸೆಂಬರಿನ ಹೊತ್ತು ಬೇಗ ಇಳಿಯುತ್ತದೆ. ಬೆಳಕು ಹೋದರೆ ಬೋರ್ಡಿನ ಅಕ್ಷರ ಕಾಣುವುದಿಲ್ಲ.

“ಇಲ್ಲಿ ಕರಕ್ ಚಹಾ ಕುಡಿದು, ಆಮೇಲೆ ಸೀದಾ ಜೆಬೆಲ್ ಹಫೀತ್ ಬೆಟ್ಟಕ್ಕೆ ಹೋದರೆ ಮೇಲಿನಿಂದ ಸೂರ್ಯಾಸ್ತ ಸಿಗ್ತದೆ,” ಎಂದ ನಿಶಾಂತ್.

“ಮತ್ತೆ ಜಾಹಿಲಿ?”

ನಿಶಾಂತ್ ದೀಪ್ತಿಯ ಮುಖ ನೋಡಿದ. ದೀಪ್ತಿ ಚಹಾದ ಲೋಟದ ಮುಚ್ಚಳವನ್ನು ಉಗುರಿನಿಂದ ಕೆರೆಯುತ್ತಾ, “ಅಲ್ಲಿ ಎಂತ ಉಂಟು ಪಪ್ಪ, ಬರೀ ಖಾಲಿ ಗೋಡೆ. ನಿಮಗೆ ಸುಮ್ಮನೆ ಬೇಜಾರು,” ಎಂದಳು.

“ನನಗೆಂತಕ್ಕೆ ಬೇಜಾರು?”

“ಅಲ್ಲ, ಹಳೆಯದೆಲ್ಲ ನೆನಪಾಗ್ತದೆ.”

“ನೆನಪಾಗ್ಲಿ ಅಂತಲೇ ಬಂದದ್ದಲ್ವಾ ಮಾರಾಯ್ತಿ! ಬೆಳಗ್ಗಿನಿಂದ ಬಾಯಿ ಬಡ್ಕೊಳ್ತಾ ಇದ್ದೇನೆ. ಸತ್ತವರ ಗೋರಿ ತೋರಿಸಿದಿರಿ, ಒಂಟೆ ತೋರಿಸಿದಿರಿ, ಖರ್ಜೂರದ ಮರ ತೋರಿಸಿದಿರಿ. ಇನ್ನು ಗುಡ್ಡ ಹತ್ತಿಸಿ ಸೂರ್ಯನನ್ನು ತೋರಿಸ್ತೀರಾ? ಸೂರ್ಯ ಎರ್ಮಾಳಿನಲ್ಲಿಯೂ ಮುಳುಗ್ತಾನೆ. ನಾನು ನಡ್ಕೊಂಡು ಹೋಗ್ತೇನೆ. ಖಲಾಸ್.”

ಎದ್ದೇಬಿಟ್ಟರು. ತೋಟದ ಗೇಟು ದಾಟಿ, ರಸ್ತೆ ದಾಟಿ, ಒಂದು ಕಾಲದಲ್ಲಿ ತಮ್ಮ ಅಂಗೈಯ ಗೆರೆಯಷ್ಟು ಗೊತ್ತಿದ್ದ ದಾರಿಯಲ್ಲಿ ಹೊರಟರು. ಈಗ ಅಲ್ಲಿ ಯಾವುದೂ ಗುರುತು ಸಿಗಲಿಲ್ಲ. ರೌಂಡ್‌ಅಬೌಟ್ ಇದ್ದಲ್ಲಿ ಸಿಗ್ನಲ್ ಇತ್ತು, ಅಂಗಡಿಗಳಿದ್ದಲ್ಲಿ ಗಾಜಿನ ಕಟ್ಟಡವಿತ್ತು. ಹಟಕ್ಕೆ ಬಿದ್ದವರಿಗೆ ದಾರಿ ಕೇಳಲು ನಾಚಿಕೆ. ತಪ್ಪು ಕಡೆಗೇ ಬಹಳ ದೂರ ನಡೆದರು. ಕೊನೆಗೆ ಹಿಂದಿನಿಂದ ಮೆಲ್ಲಗೆ ಕಾರು ಬಂದು ಪಕ್ಕದಲ್ಲಿ ನಿಂತಿತು. ನಿಶಾಂತ್ ಇಳಿದು ಬಾಗಿಲು ತೆರೆದು, “ಬನ್ನಿ ಮಾವ, ಜಾಹಿಲಿಗೇ ಹೋಗುವ,” ಎಂದ. ದೀಪ್ತಿ ಕಿಟಕಿಯ ಆ ಕಡೆ ಮುಖ ಮಾಡಿ ಕೂತಿದ್ದಳು. ಅವಳು ಕಣ್ಣೊರೆಸಿಕೊಂಡದ್ದು ಪೂವಪ್ಪರಿಗೆ ಕಂಡಿತು. ಅಪ್ಪನ ಕೂಗಾಟಕ್ಕೆ ಅತ್ತದ್ದು ಎಂದುಕೊಂಡು ಅವರಿಗೆ ಪಶ್ಚಾತ್ತಾಪವೂ ಆಯಿತು, ಗೆದ್ದ ಸಮಾಧಾನವೂ ಆಯಿತು.

ಕೋಟೆ ಅಲ್ಲೇ ಇತ್ತು. ಊರೆಲ್ಲ ಬದಲಾದರೂ ಅದೊಂದು ಬದಲಾಗಿರಲಿಲ್ಲ. ಮಣ್ಣಿನ ಬಣ್ಣದ ಎತ್ತರದ ಗೋಡೆ, ಮೇಲೆ ಹಲ್ಲು ಹಲ್ಲಾದ ಅಂಚು, ಮೂಲೆಯಲ್ಲಿ ಒಂದರ ಮೇಲೊಂದು ಬಳೆ ಇಟ್ಟ ಹಾಗೆ ಸುತ್ತು ಸುತ್ತಿನ ಗೋಪುರ. ಪೂವಪ್ಪರಿಗೆ ಎದೆ ತುಂಬಿ ಬಂತು. ಶುಕ್ರವಾರ ಸಂಜೆ ಈ ಗೋಡೆಯ ಹೊರಗಿನ ಹುಲ್ಲಿನಲ್ಲಿ ಕೂತು ಕಡಲೆ ತಿನ್ನುತ್ತಾ ಊರಿನ ಮಳೆಯ ಬಗ್ಗೆ, ಮೀನಿನ ಬಗ್ಗೆ ಮಾತಾಡುತ್ತಿದ್ದದ್ದೆಲ್ಲ ಒಟ್ಟಿಗೇ ನೆನಪಾಯಿತು.

“ನೋಡು, ಆ ಹಿಂದೆ ಓಣಿ ಇತ್ತು. ಅಲ್ಲಿ ನಮ್ಮ ರೂಮು,” ಎಂದರು ದೀಪ್ತಿಗೆ. “ನಾನು, ಉಳ್ಳಾಲದ ಇದಿನಬ್ಬ, ಮತ್ತೆ ಇಬ್ಬರು ಕೇರಳದವರು. ಇದಿನಬ್ಬ ಮೀನು ಸಾರು ಮಾಡಿದರೆ ಓಣಿಯವರೆಲ್ಲ ಬಾಗಿಲಲ್ಲಿ ನಿಲ್ತಿದ್ರು.”

ದೀಪ್ತಿ ಹತ್ತಿರ ಬಂದು ಅವರ ಕೈ ಹಿಡಿದುಕೊಂಡಳು. ನಿಶಾಂತ್ ಎರಡು ಹೆಜ್ಜೆ ಹಿಂದೆ ನಿಂತು, ಸಾವಿನ ಮನೆಗೆ ಬಂದವನಂತೆ ಕೈ ಕಟ್ಟಿಕೊಂಡಿದ್ದ. ಗೋರಿ, ಒಂಟೆ, ಖರ್ಜೂರ ಎಲ್ಲದರ ಮುಂದೆಯೂ ಫೋನು ತೆಗೆದವರು ಇಲ್ಲಿ ಇಬ್ಬರೂ ಫೋನನ್ನು ಹೊರಗೇ ತೆಗೆಯಲಿಲ್ಲ. ಬಿಸಿಲು ಗೋಡೆಯ ಅರ್ಧಕ್ಕೆ ಏರಿತ್ತು.

“ಎಂತ ನೋಡ್ತಾ ನಿಂತಿದ್ದೀರಿ? ಬೋರ್ಡು ಎಲ್ಲಿದೆ, ಫೋಟೋ ತೆಗೀರಿ,” ಎಂದು ಪೂವಪ್ಪ ಅವಸರ ಮಾಡಿದರು.

ಆಗ ಅಕ್ಷಿತಾ ಹೆಡ್‌ಫೋನ್ ತೆಗೆದು ಕುತ್ತಿಗೆಗೆ ಇಳಿಸಿದಳು. ಕೋಟೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆ ದಿನವಿಡೀ ಅವಳಿಗೆ ಆಸಕ್ತಿ ಹುಟ್ಟಿದ್ದು ಅದೇ ಮೊದಲು.

“ಅಜ್ಜ,” ಎಂದಳು. “ವಿಚ್ ರೂಮ್ ಡಿಡ್ ದೆ ಲಾಕ್ ಯು ಇನ್?”

“ಅಕ್ಷಿತಾ!” ಎಂದು ದೀಪ್ತಿ ಗದರಿದಳು.

“ವಾಟ್? ಯು ಓನ್ಲಿ ಟೋಲ್ಡ್ ಮೀ, ಅಜ್ಜ ವಾಸ್ ಇನ್ ಜೈಲ್ ಹಿಯರ್.”

ಪೂವಪ್ಪರ ಇಂಗ್ಲಿಷ್ ಅಂಗಡಿಯ ಕೌಂಟರಿನ ಇಂಗ್ಲಿಷ್. ಆದರೂ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ಮಗಳ ಕೈಯಿಂದ ತಮ್ಮ ಕೈಯನ್ನು ಬಿಡಿಸಿಕೊಂಡರು.

“ಎಂತ ಹೇಳಿದಳು ಅವಳು?”

“ಮಕ್ಕಳು ಪಪ್ಪ, ಬಿಡಿ.”

“ದೀಪ್ತಿ. ನೀನು ಅವಳಿಗೆ ಎಂತ ಹೇಳಿದ್ದಿ?”

ನಿಶಾಂತ್ ಅಕ್ಷಿತಾಳನ್ನು ಹುಲ್ಲಿನ ಕಡೆಗೆ ಕರೆದುಕೊಂಡು ಹೋದ. ಅವನ ಆ ಜಾಣತನವೂ ಪೂವಪ್ಪರಿಗೆ ಉರಿ ಹತ್ತಿಸಿತು. ಇವನಿಗೂ ಗೊತ್ತು, ಹಾಗಾದರೆ ಇವನೂ ನಂಬಿದ್ದಾನೆ!

“ನಾನು ಮುಚ್ಚಿಟ್ಟಿಲ್ಲ ಪಪ್ಪ,” ಎಂದಳು ದೀಪ್ತಿ. ಅವಳ ಸ್ವರದಲ್ಲಿ ನಾಚಿಕೆ ಇರಲಿಲ್ಲ, ಒಂದು ಬಗೆಯ ಹೆಮ್ಮೆಯೇ ಇತ್ತು. “ಮದುವೆಗೆ ಮೊದಲೇ ನಿಶಾಂತ್‌ಗೆ ಹೇಳಿದ್ದೆ. ನಮ್ಮ ಪಪ್ಪ ಅಲ್ ಐನ್‌ನಲ್ಲಿ ಸ್ವಲ್ಪ ದಿನ ಒಳಗಿದ್ರು, ನಮಗೋಸ್ಕರ ದುಡಿಯಲಿಕ್ಕೆ ಹೋಗಿ ಯಾರದೋ ತಪ್ಪಿಗೆ ಸಿಕ್ಕಿಬಿದ್ರು, ಒಪ್ಪಿಗೆ ಇದ್ದರೆ ಮುಂದುವರಿಯುವ ಅಂತ. ಅವರು ಒಂದು ಮಾತು ಎತ್ತಲಿಲ್ಲ. ಅಕ್ಷಿತಾಳಿಗೂ ಹಾಗೆಯೇ ಹೇಳಿದ್ದು. ಅಜ್ಜ ಕಷ್ಟಪಟ್ಟವರು, ಅವರನ್ನು ಬೇಜಾರು ಮಾಡಬಾರದು ಅಂತ.”

“ಯಾರು ಹೇಳಿದ್ದು ನಾನು ಒಳಗಿದ್ದೆ ಅಂತ? ಶಾಲೆಯ ಮಕ್ಕಳಾ? ಊರಿನವರಾ?”

“ಶಾಲೆಯಲ್ಲಿ ಎಲ್ಲರೂ ಹೇಳ್ತಿದ್ರು. ನಾನು ಜಗಳ ಮಾಡಿ ಅಳ್ತಾ ಬಂದೆ. ಆಗ ಅಮ್ಮನೇ ಕೂತುಕೊಳ್ಳಿಸಿ ಹೇಳಿದ್ದು.”

“ಅಮ್ಮ ಎಂತ ಹೇಳಿದಳು?”

“ಹೌದು ಅಂತ. ಆದರೆ ಪಪ್ಪನ ಹತ್ತಿರ ಯಾವತ್ತೂ ಕೇಳಬೇಡ, ಅವರು ಅದಕ್ಕೊಂದು ಕತೆ ಮಾಡಿಕೊಂಡಿದ್ದಾರೆ, ಆ ಕತೆ ಇರಲಿ, ಅವರಿಗೆ ಸಮಾಧಾನ ಅಂತ.”

ಪೂವಪ್ಪ ಗೋಡೆಯ ಕಡೆ ತಿರುಗಿ ಹುಚ್ಚರಂತೆ ಬೋರ್ಡು ಹುಡುಕಿದರು. ಬಾಗಿಲ ಪಕ್ಕದಲ್ಲೇ ಇತ್ತು, ಅರಬಿಯಲ್ಲಿ, ಇಂಗ್ಲಿಷಿನಲ್ಲಿ. ಮಗಳ ತೋಳು ಹಿಡಿದು ಅದರ ಮುಂದೆ ನಿಲ್ಲಿಸಿದರು.

“ಓದು.”

“ಪಪ್ಪ, ಜನ ನೋಡ್ತಿದ್ದಾರೆ.”

“ನೋಡ್ಲಿ. ಓದು.”

“ಅಲ್ ಜಾಹಿಲಿ ಫೋರ್ಟ್.”

“ಫೋರ್ಟ್ ಅಂದ್ರೆ ಎಂತ? ಕೋಟೆ. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಕಟ್ಟಿದ ಕೋಟೆ. ಆಸ್ವಾಲ್ಡ್ ಹೇಳಿದ್ದು ಜಾಯ್ಲಿ, ಊರವರಿಗೆ ಕೇಳಿದ್ದು ಜೈಲು. ಇಷ್ಟೇ, ಇದರಲ್ಲಿ ಬೇರೆ ಎಂತದ್ದೂ ಇಲ್ಲ!”

ದೀಪ್ತಿ ಬೋರ್ಡನ್ನೂ ಅಪ್ಪನನ್ನೂ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. “ಹೌದು ಪಪ್ಪ,” ಎಂದಳು ಬಹಳ ಪ್ರೀತಿಯಿಂದ. “ಈಗ ರಿಪೇರಿ ಮಾಡಿ ಎಷ್ಟು ಚಂದ ಮ್ಯೂಸಿಯಂ ಮಾಡಿದ್ದಾರೆ. ಆವಾಗಿನದು ಯಾರಿಗೂ ಗೊತ್ತೇ ಆಗುವುದಿಲ್ಲ.”

ಇಡೀ ಕೋಟೆಯನ್ನು ಎದುರಿಗೆ ನಿಲ್ಲಿಸಿದರೂ ಅದು ಜೈಲೇ ಎನ್ನುವವರಿಗೆ ಏನು ತೋರಿಸುವುದು?

“ಇದಿನಬ್ಬನಿಗೆ ಫೋನ್ ಮಾಡು. ಈಗಲೇ ಮಾಡು. ಉಳ್ಳಾಲದಲ್ಲಿದ್ದಾನೆ. ಅವನನ್ನೇ ಕೇಳು.”

“ಅವರು ನಿಮ್ಮ ದೋಸ್ತ್ ಅಲ್ವಾ ಪಪ್ಪ. ಅವರು ನಿಮ್ಮನ್ನು ಬಿಟ್ಟುಕೊಡ್ತಾರಾ?”

“ಅಯ್ಯೋ ದೇವರೇ!” ಪೂವಪ್ಪ ತಲೆಯ ಮೇಲೆ ಕೈ ಹೊತ್ತರು. ಅಲ್ಲಿದ್ದ ಸೆಕ್ಯುರಿಟಿಯವನು ಹತ್ತಿರ ಬಂದು ಏನಾದರೂ ತೊಂದರೆಯೇ ಎಂದು ಹಿಂದಿಯಲ್ಲಿ ಕೇಳಿದ. ದೀಪ್ತಿ ಏನಿಲ್ಲ ಎಂದು ಅವನನ್ನು ಕಳಿಸಿದಳು.

“ನಾನು ಯಾವತ್ತಾದರೂ ನಿಮ್ಮನ್ನು ಕಡಿಮೆ ಕಂಡದ್ದುಂಟಾ ಪಪ್ಪ?” ಎಂದಳು. “ಅಮ್ಮ ಕಂಡದ್ದುಂಟಾ? ಎಲ್ಲರೂ ಎಷ್ಟೆಲ್ಲ ಹೇಳಿದಾಗಲೂ ಅಮ್ಮ ನಿಮ್ಮನ್ನು ಬಿಟ್ಟುಕೊಟ್ಟದ್ದುಂಟಾ? ದೊಡ್ಡಮಾಮ, ಇಂಥವನ ಮನೆಯಲ್ಲಿ ಇರಬೇಡ, ಮಗಳನ್ನು ಕರ್ಕೊಂಡು ತವರಿಗೆ ಬಾ ಅಂತ ಹೇಳಿದ್ರಂತೆ. ಅಮ್ಮ ಹೋಗಲಿಲ್ಲ. ಅವರು ಏನೇ ಮಾಡಿರಲಿ, ನನ್ನ ಗಂಡ ಅಂದ್ರಂತೆ.”

ಪೂವಪ್ಪರಿಗೆ ಇದು ಗೊತ್ತಿರಲಿಲ್ಲ. ಭಾವ ಆಮೇಲೆ ಎರ್ಮಾಳಿನ ಮನೆಯ ಮೆಟ್ಟಿಲು ಹತ್ತದೇ ಇದ್ದದ್ದು ಆಸ್ತಿಯ ಮಾತಿಗೆ ಎಂದೇ ಅವರು ತಿಳಿದಿದ್ದರು. ಲೋಲಾಕ್ಷಿ ಅಣ್ಣನನ್ನೇ ಬಿಟ್ಟಿದ್ದಳು. ಗಂಡನಿಗಾಗಿ ಅಷ್ಟು ದೊಡ್ಡ ಕೆಲಸ ಮಾಡಿದ್ದಳು, ಗಂಡ ಮಾಡದ ತಪ್ಪಿಗಾಗಿ ಮಾಡಿದ್ದಳು. ಯಾರ ಮೇಲೆ ಸಿಟ್ಟು ಮಾಡುವುದೆಂದು ಅವರಿಗೆ ತಿಳಿಯಲಿಲ್ಲ. ಬಾಯಿ ಸಡಿಲ ಬಿಟ್ಟ ಆಸ್ವಾಲ್ಡನ ಮೇಲೆಯೇ, ಕಿವಿ ಸರಿಯಿಲ್ಲದ ಊರಿನ ಮೇಲೆಯೇ, ಇಷ್ಟೊಂದು ಪ್ರೀತಿಸಿ ಒಂದಿಷ್ಟೂ ನಂಬದ ಹೆಂಡತಿಯ ಮೇಲೆಯೇ?

“ನಾನು ಜೈಲಿಗೆ ಹೋದವನಲ್ಲ, ದೀಪ್ತಿ,” ಎಂದರು. ಈ ಸಲ ಅವರ ಸ್ವರ ಏರಲಿಲ್ಲ. ಇಷ್ಟು ಮೆತ್ತಗೆ ಅವರು ಇದನ್ನು ಯಾರಿಗೂ ಹೇಳಿರಲಿಲ್ಲ.

“ಆವು ಪಪ್ಪ,” ಎಂದಳು ದೀಪ್ತಿ ತುಳುವಿನಲ್ಲಿ. ಆಗಲಿ, ಹಾಗೆಯೇ ಇರಲಿ ಎಂದು. ತನ್ನ ಶಾಲಿನ ತುದಿಯಿಂದ ಅವರ ಹಣೆಯ ಬೆವರು ಒರೆಸಿದಳು.

ಆ ಸ್ವರ ಪೂವಪ್ಪರಿಗೆ ಗುರುತು ಸಿಕ್ಕಿತು. ಅಂದು ಊರಿಗೆ ಬಂದ ರಜೆಯ ಮೊದಲ ದಿನ, ಆಸ್ವಾಲ್ಡನ ಕತೆಯನ್ನೆಲ್ಲ ನಗುನಗುತ್ತಾ ಹೇಳಿ ಮುಗಿಸಿದಾಗ ಲೋಲಾಕ್ಷಿಯೂ ಇಷ್ಟೇ ಹೇಳಿದ್ದಳು, ಇದೇ ಸ್ವರದಲ್ಲಿ, ಆವು ಎಂದು. ಅದನ್ನು ಅವರು ನಂಬಿಕೆ ಎಂದು ತಿಳಿದಿದ್ದರು.

“ಬೆಳಕು ಹೋಗ್ತಾ ಉಂಟು ಮಾವ, ಫೋಟೋ ತೆಗೆಯುವುದಾ?” ಎಂದು ನಿಶಾಂತ್ ದೂರದಿಂದಲೇ ವಿನಯದಿಂದ ಕೇಳಿದ.

ಪೂವಪ್ಪ ಬೇಡವೆಂದು ಕೈಯಾಡಿಸಿದರು. ಊರಿನವರು ಏನು ಬೇಕಾದರೂ ಹೇಳಿಕೊಳ್ಳಲಿ. ಈ ಗೋಡೆಯ ಮುಂದೆ ಕೈ ಹಿಡಿದು ತಂದು ನಿಲ್ಲಿಸಬೇಕಾಗಿದ್ದವಳು ಎರಡು ವರ್ಷದ ಹಿಂದೆಯೇ ಹೋಗಿಬಿಟ್ಟಿದ್ದಳು, ಗಂಡನ ಮಾನವನ್ನು ಕೊನೆಯವರೆಗೂ ಮುಚ್ಚಿಟ್ಟು ಕಾಪಾಡಿದೆ ಎಂಬ ತೃಪ್ತಿಯಲ್ಲಿ.